ಜಾಡಿಯ ಬಾಯಿ 3.2 ಸೆಂ.ಮೀ., ನನ್ನ ಈರುಳ್ಳಿ 6 ಸೆಂ.ಮೀ.: ತಪ್ಪಿದ್ದೆಲ್ಲಿ?

ಲೆಕ್ಕದ ಟೀಚರ್

ಮೊದಲೇ ಹೇಳಿಬಿಡುತ್ತೇನೆ, ಈರುಳ್ಳಿಯನ್ನು ದಪ್ಪವಾಗಿ ಬೆಳೆಯುವುದು ಹೇಗೆಂದು ನಾನು ಕೇಳುತ್ತಿಲ್ಲ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾಗಿರುವುದು ಚಿಕ್ಕ ಗಡ್ಡೆ. ಚಿಕ್ಕದಾಗಿ, ಗಟ್ಟಿಯಾಗಿ, ಉಪ್ಪಿನಕಾಯಿಗೆ ಇಡಿಯಾಗಿ ಹಾಕುವಂತಿರಬೇಕು.

ನನ್ನ ಬಳಿ ಅರ್ಧ ಲೀಟರಿನ ಐದು ಗಾಜಿನ ಜಾಡಿಗಳಿವೆ. ಹೊಟ್ಟೆ ದಪ್ಪ, ಬಾಯಿ ಕಿರಿದು. ಅಳತೆಪಟ್ಟಿ ಇಟ್ಟು ನೋಡಿದ್ದೇನೆ, ಬಾಯಿಯ ಒಳ ಅಗಲ 3.2 ಸೆಂ.ಮೀ. ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು, ಅಳೆಯದೆ ಮಾತನಾಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಈ ಜಾಡಿಗಳೊಳಗೆ ವಿನೆಗರಿನಲ್ಲಿ ಇಡಿ ಈರುಳ್ಳಿ ಹಾಕಿಡಬೇಕೆಂಬುದು ನಿವೃತ್ತಿಯಾದ ದಿನದಿಂದ ಹತ್ತಿದ ಹಟ. ಎರಡು ವರ್ಷ ಸೋತಿದ್ದೇನೆ. ಸೋತ ಲೆಕ್ಕ ಇಲ್ಲಿದೆ.

ಮೊದಲ ವರ್ಷ ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತಿದ್ದ ಎಂಟು ಈರುಳ್ಳಿಗಳನ್ನು ಕುಂಡದಲ್ಲಿ ನೆಟ್ಟೆ. ಒಂದೊಂದೂ ಎರಡು ಮೂರು ಕವಲಾಗಿ ಒಡೆಯಿತು, ಆಮೇಲೆ ನಡುವಿನಿಂದ ಕೋಲಿನಂತಹ ದಂಟು ಎದ್ದು ಬಿಳಿಯ ಚೆಂಡಿನಂತೆ ಹೂ ಬಿಟ್ಟಿತು. ಜೇನುಹುಳುಗಳಿಗೆ ಹಬ್ಬ. ಬುಡದಲ್ಲಿ ಗಡ್ಡೆ ಎನ್ನುವಂಥದ್ದೇನೂ ಇರಲಿಲ್ಲ.

ಎರಡನೆಯ ವರ್ಷ ಬೀಜದ ಪೊಟ್ಟಣ ತಂದೆ. ಟ್ರೇಯಲ್ಲಿ ಸಸಿ ಮಾಡಿ, ಪೊಟ್ಟಣದ ಮೇಲೆ ಬರೆದಿದ್ದಂತೆ 10 ಸೆಂ.ಮೀ. ಅಂತರ ಕೊಟ್ಟು, 60 × 40 ಸೆಂ.ಮೀ. ತೊಟ್ಟಿಯಲ್ಲಿ 24 ಸಸಿ ನೆಟ್ಟೆ. ಹದಿನೈದು ದಿನಕ್ಕೊಮ್ಮೆ ಸಾರಜನಕದ ದ್ರವಗೊಬ್ಬರ. ಎಲೆಗಳು ಕಾರಂಜಿಯ ಹಾಗೆ ಚಿಮ್ಮಿದವು. ಚಿಕ್ಕದು ಬೇಕಿದ್ದರೆ ಬೇಗ ಕೀಳಬೇಕು, ಇದಕ್ಕಿಂತ ಸರಳ ತರ್ಕ ಯಾವುದಿದೆ ಎಂದುಕೊಂಡು ಎರಡೂವರೆ ತಿಂಗಳಿಗೇ ಹನ್ನೆರಡನ್ನು ಕಿತ್ತೆ. ಬಂದದ್ದು ಬೆರಳು ಗಾತ್ರದ ಬಿಳಿ ಕಾಂಡ, ಬುಡದಲ್ಲಿ ಉಬ್ಬೇ ಇಲ್ಲ. ಹಟಕ್ಕೆ ಅವನ್ನೇ ತುಂಡರಿಸಿ ವಿನೆಗರಿಗೆ ಹಾಕಿದೆ. ಒಂದೇ ವಾರದಲ್ಲಿ ಪದರಪದರ ಬಿಟ್ಟುಕೊಂಡು ನೆನೆದ ಕಾಗದದಂತಾಯಿತು. ಉಳಿದ ಹನ್ನೆರಡನ್ನು ಕೊನೆಯವರೆಗೂ ಬಿಟ್ಟೆ. ಸರಾಸರಿ 6 ಸೆಂ.ಮೀ., ಕುತ್ತಿಗೆ ಹೆಬ್ಬೆರಳಷ್ಟು ದಪ್ಪ, ಒಣಗಲೇ ಇಲ್ಲ. ತಿಂಗಳೊಳಗೆ ಅರ್ಧದಷ್ಟು ಕೊಳೆತವು.

ಈಗ ಮೂರನೆಯ ಸಲ ಬಿತ್ತುವ ಹೊತ್ತು ಬಂದಿದೆ. ಬೇಗ ಕಿತ್ತರೆ ಗಡ್ಡೆ ಇಲ್ಲ, ಬಿಟ್ಟರೆ ಬೆಟ್ಟ. ಈ ಎರಡರ ನಡುವೆ 3 ಸೆಂ.ಮೀ. ಎಂಬ ನಿಲ್ದಾಣ ಎಲ್ಲಿದೆ? ಇದಕ್ಕೆ ಬೇರೆಯದೇ ತಳಿ ಬೇಕೆ? ಕಳೆದ ವರ್ಷದ ಅರ್ಧ ಪೊಟ್ಟಣ ಬೀಜ ಉಳಿದಿದೆ, ಅದು ನಡೆಯುತ್ತದೆಯೆ?

ಅರ್ಧ ಬಾಲ್ಕನಿ

ಟೀಚರ್, ಬೈಯಬೇಡಿ. ಬಾಯಿ ಅಗಲವಿರುವ ಜಾಡಿ ಕೊಂಡುಕೊಂಡರೆ ಆಗುವುದಿಲ್ಲವೆ?

ಲೆಕ್ಕದ ಟೀಚರ್

ಈ ಉತ್ತರವನ್ನು ನಮ್ಮ ಮನೆಯವರು ಎರಡು ವರ್ಷದಿಂದ ಕೊಡುತ್ತಿದ್ದಾರೆ. ಅವರಿಗೆ ಕೊಟ್ಟಷ್ಟೇ ಅಂಕ ನಿಮಗೂ. ಸೊನ್ನೆ.

ಬೇರುಮೂಲ

ಮೇಡಂ, ನಿಮ್ಮ ತರ್ಕದಲ್ಲಿ ಒಂದು ಹೆಜ್ಜೆ ತಪ್ಪಿದೆ. ಚಿಕ್ಕ ಈರುಳ್ಳಿ ಎಂದರೆ ಎಳೆಯ ಈರುಳ್ಳಿ ಅಲ್ಲ. ಅದು ಪೂರ್ತಿ ಬಲಿತ ಈರುಳ್ಳಿಯೇ, ಬೆಳೆಯಲು ಜಾಗ ಸಿಗದೆ ಚಿಕ್ಕದಾಗಿ ಬಲಿತದ್ದು. ಮಗುವಿಗೂ ಕುಳ್ಳಗಿರುವ ದೊಡ್ಡವರಿಗೂ ಇರುವ ವ್ಯತ್ಯಾಸ ಅದು.

ಈರುಳ್ಳಿ ಗಡ್ಡೆ ಕಟ್ಟುವುದು ವಯಸ್ಸು ನೋಡಿ ಅಲ್ಲ, ಹಗಲು ನೋಡಿ. ಹಗಲಿನ ಉದ್ದ ಒಂದು ಮಿತಿ ಮುಟ್ಟುವವರೆಗೆ ಗಿಡ ಎಲೆಯನ್ನಷ್ಟೇ ಬಿಡುತ್ತಿರುತ್ತದೆ. ಕೆಲವು ತಳಿಗಳಿಗೆ ಹತ್ತು ಹನ್ನೆರಡು ಗಂಟೆಯ ಹಗಲು ಸಾಕು, ಕೆಲವಕ್ಕೆ ಹದಿನಾಲ್ಕು, ಹದಿನಾರು ಗಂಟೆ ಬೇಕು. ಭೂಮಧ್ಯರೇಖೆಯ ಹತ್ತಿರ ಇರುವವರು ಉದ್ದ ಹಗಲಿನ ತಳಿ ಬಿತ್ತಿದರೆ ವರ್ಷವಿಡೀ ಎಲೆ ತಿನ್ನಬೇಕು, ಅಷ್ಟೆ. ಮಿತಿ ಮುಟ್ಟಿ ಬಿಸಿಲೂ ಏರಿದಾಗ ಗಿಡ ಹೊಸ ಎಲೆ ಬಿಡುವುದನ್ನು ನಿಲ್ಲಿಸಿ, ಇರುವ ಎಲೆಗಳ ಬುಡದಲ್ಲಿ ಆಹಾರ ತುಂಬತೊಡಗುತ್ತದೆ. ಗಡ್ಡೆ ಎಂದರೆ ಊದಿದ ಎಲೆಬುಡಗಳೇ ಹೊರತು ಬೇರಲ್ಲ. ನೀವು ಎರಡೂವರೆ ತಿಂಗಳಿಗೆ ಕಿತ್ತಾಗ ಆ ತಿರುವು ಬಂದೇ ಇರಲಿಲ್ಲ. ಕುದಿಯದ ನೀರಿಗೆ ಅಕ್ಕಿ ಹಾಕಿ ಅನ್ನವಾಗಲಿಲ್ಲ ಎಂದರೆ ಹೇಗೆ?

ಉಳಿದ ಹನ್ನೆರಡಕ್ಕೆ ಏನಾಯಿತು? 10 ಸೆಂ.ಮೀ. ಅಂತರ ದಪ್ಪ ಗಡ್ಡೆಗೆಂದೇ ಹೇಳಿದ ಅಂತರ. ಪೊಟ್ಟಣ ಬರೆದವರು ನಿಮ್ಮ ಜಾಡಿ ನೋಡಿರಲಿಲ್ಲ. ಅದರ ಮೇಲೆ ಸಾರಜನಕ ಸುರಿದಿರಿ. ಸಾರಜನಕ ಹೆಚ್ಚಾದರೆ ಗಡ್ಡೆ ಕಟ್ಟುವುದು ತಡವಾಗುತ್ತದೆ, ಕುತ್ತಿಗೆ ದಪ್ಪವಾಗುತ್ತದೆ, ಅದು ಮುಚ್ಚಿಕೊಳ್ಳದೆ ಹಸಿಯಾಗಿಯೇ ಉಳಿಯುತ್ತದೆ. ಕೊಳೆ ಇಳಿಯುವುದು ಆ ಬಾಗಿಲಿನಿಂದಲೇ.

ಮೊದಲ ವರ್ಷದ ಕತೆ ಬೇರೆ. ಈರುಳ್ಳಿ ಎರಡು ವರ್ಷದ ಗಿಡ. ಮೊದಲ ವರ್ಷ ಗಡ್ಡೆಯಲ್ಲಿ ಕೂಡಿಡುತ್ತದೆ, ಎರಡನೆಯ ವರ್ಷ ಅದನ್ನು ಖರ್ಚು ಮಾಡಿ ಹೂ ಬಿಡುತ್ತದೆ. ಬುಟ್ಟಿಯಲ್ಲಿದ್ದವು ತಮ್ಮ ಮೊದಲ ವರ್ಷವನ್ನು ಬೇರೆಯವರ ಹೊಲದಲ್ಲಿ ಮುಗಿಸಿ ಬಂದಿದ್ದವು. ನಿಮ್ಮಲ್ಲಿ ಖರ್ಚಿನ ವರ್ಷ ನಡೆಯಿತು.

ಈ ಸಲ ಹೀಗೆ ಮಾಡಿ. ಸಸಿ ಕಿತ್ತು ನೆಡಬೇಡಿ, ತೊಟ್ಟಿಯಲ್ಲೇ ನೇರವಾಗಿ ಒತ್ತಾಗಿ ಬಿತ್ತಿ. ಗಿಡದಿಂದ ಗಿಡಕ್ಕೆ 2ರಿಂದ 3 ಸೆಂ.ಮೀ. ಸಾಕು. ಬೀಜದ ಮೇಲೆ ಒಂದು ಸೆಂ.ಮೀ. ಮಣ್ಣು. ಒತ್ತೊತ್ತಾಗಿ ಬೆಳೆದರೆ ಇನ್ನೊಂದು ಲಾಭವಿದೆ. ಎಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ ಕೆಂಪು ಭಾಗ ಕಡಿಮೆಯಾಗಿ ಅದರ ಆಚೆಯ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪು (ಫಾರ್-ರೆಡ್) ಭಾಗ ಹೆಚ್ಚಾಗಿರುತ್ತದೆ. ಅಕ್ಕಪಕ್ಕದಲ್ಲಿ ಜನ ತುಂಬಿದ್ದಾರೆ ಎಂದು ಗಿಡಕ್ಕೆ ಗೊತ್ತಾಗುವುದು ಹಾಗೆ, ಗೊತ್ತಾದರೆ ಅದು ಬೇಗ ಗಡ್ಡೆಗೆ ತಿರುಗುತ್ತದೆ. ಹೀಗಾಗಿ ನಿಮ್ಮ ಬೆಳೆ ಚಿಕ್ಕದೂ ಆಗುತ್ತದೆ, ಬೇಗವೂ ಬಲಿಯುತ್ತದೆ.

ಮಣ್ಣಿಗೆ ಬಿತ್ತುವ ಮುಂಚೆ ಹಳೆಯ ಕಾಂಪೋಸ್ಟ್ ಒಂದಿಷ್ಟು ಬೆರೆಸಿದರೆ ಮುಗಿಯಿತು. ಆ ದ್ರವಗೊಬ್ಬರದ ಬಾಟಲಿಯನ್ನು ಯಾರಿಗಾದರೂ ಉಡುಗೊರೆ ಕೊಡಿ. ಆದರೆ ನೀರಿನಲ್ಲಿ ಜಿಪುಣತನ ಬೇಡ. ಈರುಳ್ಳಿಯ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲ್ಮಣ್ಣು ಒಣಗಿದರೆ ಕೆಳಗಿನ ನೀರನ್ನು ಹುಡುಕಿಕೊಂಡು ಹೋಗುವ ಶಕ್ತಿ ಅದಕ್ಕಿಲ್ಲ. ಗಿಡಗಳು ತಾವಾಗಿ ಕುತ್ತಿಗೆಯ ಹತ್ತಿರ ಬಾಗಿ ಮಲಗತೊಡಗಿದಾಗ ನೀರು ನಿಲ್ಲಿಸಿ. ಕಾಲಿನಿಂದ ತುಳಿದು ಮಲಗಿಸುವವರಿದ್ದಾರೆ, ಆ ಸಾಲಿಗೆ ಸೇರಬೇಡಿ. ಹೊಸ ಎಲೆ ಬರುವುದು ನಿಂತಾಗ ಕುತ್ತಿಗೆಯ ಒಳಗೆ ಟೊಳ್ಳಾಗುತ್ತದೆ, ಮೇಲಿನ ಭಾರ ತಡೆಯದೆ ತಾನಾಗಿ ಬೀಳುತ್ತದೆ. ಬಲಿತಿದೆ ಎಂಬುದಕ್ಕೆ ಅದೇ ಗುರುತು. ನೀವು ಬೀಳಿಸಿದರೆ ಗುರುತು ಸುಳ್ಳಾಗುತ್ತದೆ.

ಹಳೆಯ ಬೀಜದ ಮೇಲೆ ಭರವಸೆ ಇಡಬೇಡಿ. ತರಕಾರಿ ಬೀಜಗಳಲ್ಲಿ ಈರುಳ್ಳಿಯದು ಅಲ್ಪಾಯುಷ್ಯ. ಎರಡನೆಯ ವರ್ಷಕ್ಕೆ ಮೊಳಕೆ ಬಹಳ ಇಳಿದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒಂದಿಷ್ಟು ಕಟ್ಟಿಟ್ಟು ಹತ್ತು ದಿನ ನೋಡಿ.

ಲೆಕ್ಕದ ಟೀಚರ್

ಬೇರುಮೂಲ ಅವರೇ, "ಚಿಕ್ಕದು ಎಂದರೆ ಎಳೆಯದಲ್ಲ" ಎಂಬ ಒಂದು ವಾಕ್ಯವನ್ನು ಯಾರಾದರೂ ಎರಡು ವರ್ಷದ ಹಿಂದೆ ಹೇಳಿದ್ದರೆ ನನ್ನ ಹನ್ನೆರಡು ಗಿಡಗಳು ಬದುಕುತ್ತಿದ್ದವು. ಅಕ್ಕಿಯ ಮಾತು ಚುಚ್ಚಿತು, ಆದರೆ ಸರಿಯಾಗಿಯೇ ಇತ್ತು.

ಲೆಕ್ಕ ಹಾಕಿದೆ. ತೊಟ್ಟಿ 2,400 ಚದರ ಸೆಂ.ಮೀ. 10 ಸೆಂ.ಮೀ. ಅಂತರದಲ್ಲಿ ಒಂದು ಗಿಡಕ್ಕೆ ನೂರು ಚದರ ಸೆಂ.ಮೀ., ಅಂದರೆ 24 ಗಿಡ. 3 ಸೆಂ.ಮೀ. ಅಂತರದಲ್ಲಿ ಒಂದು ಗಿಡಕ್ಕೆ ಒಂಬತ್ತೇ ಚದರ ಸೆಂ.ಮೀ., ಅಂದರೆ 266. ಅಂತರ ಹತ್ತರಿಂದ ಮೂರಕ್ಕೆ ಇಳಿದರೆ ಗಿಡ ಹನ್ನೊಂದು ಪಟ್ಟು. ವರ್ಗದ ಪಾಠವನ್ನು ಮಕ್ಕಳಿಗೆ ಈರುಳ್ಳಿ ಇಟ್ಟುಕೊಂಡು ಹೇಳಿಕೊಡಬೇಕಿತ್ತು ಎಂದು ಈಗ ಅನ್ನಿಸುತ್ತಿದೆ. ಒಂದು ಗ್ರಾಂ ಬೀಜದಲ್ಲಿ ಸುಮಾರು 250ರಿಂದ 300 ಬೀಜಗಳಿರುತ್ತವೆ, ಹಾಗಾಗಿ ಒಂದು ಗ್ರಾಂ ನನ್ನ ತೊಟ್ಟಿಗೆ ಸರಿಹೋಗುತ್ತದೆ.

ಹಳೆಯ ಪೊಟ್ಟಣದಿಂದ 50 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಇಟ್ಟಿದ್ದೇನೆ.

ಗೊಂಚಲು

ಟೀಚರ್, ತಳಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಒತ್ತಾಗಿ ಬಿತ್ತಿದರೆ ಹೆಚ್ಚುಕಡಿಮೆ ಯಾವ ಈರುಳ್ಳಿಯೂ ಚಿಕ್ಕದಾಗುತ್ತದೆ. ಆದರೂ ಉಪ್ಪಿನಕಾಯಿಗೆಂದೇ ಹೆಸರಾದ ತಳಿಗಳಿವೆ. ಬಿಳಿ ಸಿಪ್ಪೆಯ ಬಾರ್ಲೆಟ್ಟಾ, ಪ್ಯಾರಿಸ್ ಸಿಲ್ವರ್‌ಸ್ಕಿನ್, ಚಪ್ಪಟೆಯಾಗಿರುವ ಬೊರೆಟಾನಾ. ಬಿಳಿಯವು ಜಾಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಕೆಂಪು ಈರುಳ್ಳಿ ಹಾಕಿದರೆ ಪದರಗಳಲ್ಲಿರುವ ಬಣ್ಣ ಹುಳಿಗೆ ಕೆರಳಿ ಇಡೀ ಜಾಡಿ ಗುಲಾಬಿಯಾಗುತ್ತದೆ. ಕೆಲವರಿಗೆ ಅದೇ ಇಷ್ಟ.

ಪರ್ಲ್ ಆನಿಯನ್ ಎಂಬ ಹೆಸರಿನಲ್ಲಿ ಗೊಂದಲವಿದೆ, ಎಚ್ಚರ. ನಿಜವಾದ ಪರ್ಲ್ ಈರುಳ್ಳಿಯೇ ಅಲ್ಲ, ಲೀಕ್ ಎಂಬ ಸೊಪ್ಪಿನ ದಾಯಾದಿ. ಅದನ್ನು ಕೊಯ್ದರೆ ಒಳಗೆ ಬಳೆಬಳೆಯಾಗಿ ಪದರಗಳಿರುವುದಿಲ್ಲ, ಬೆಳ್ಳುಳ್ಳಿ ಎಸಳಿನಂತೆ ಒಂದೇ ಗಟ್ಟಿ ತಿರುಳು. ಆ ಹೆಸರಿನಲ್ಲಿ ಸಿಗುವ ಬಹುಪಾಲು ಒತ್ತಾಗಿ ಬೆಳೆದ ಮಾಮೂಲಿ ಬಿಳಿ ಈರುಳ್ಳಿಯೇ.

ನನ್ನ ಸ್ವಂತ ಆಯ್ಕೆ ಎರಡೂ ಅಲ್ಲ, ಗೊಂಚಲು ಈರುಳ್ಳಿ. ಹೆಸರು ನೋಡಿಯೇ ಊಹಿಸಿರಬಹುದು. ಒಂದು ಗಡ್ಡೆ ನೆಟ್ಟರೆ ಅದು ಒಡೆದು ಆರು, ಎಂಟು ಮರಿ ಹಾಕುತ್ತದೆ. ಬೀಜದ ತಲೆನೋವಿಲ್ಲ. ಆದರೆ ಒಂದರ ಪಕ್ಕ ಒಂದು ಒತ್ತಿಕೊಂಡು ಬೆಳೆಯುವುದರಿಂದ ಗಡ್ಡೆಯ ಒಂದು ಮಗ್ಗುಲು ಚಪ್ಪಟೆ. ನಿಮ್ಮಂತಹ ಅಳತೆಯವರಿಗೆ ವ್ಯಾಸ ಎಲ್ಲಿ ಹಿಡಿಯಬೇಕೆಂಬ ಹೊಸ ಜಗಳ ಶುರುವಾಗುತ್ತದೆ.

ಲೆಕ್ಕದ ಟೀಚರ್

ಚಪ್ಪಟೆ ಮಗ್ಗುಲು ಬೇಡವೇ ಬೇಡ. ಬೀಜವೇ ಇರಲಿ, ಬಿಳಿಯದು.

50ರಲ್ಲಿ 19 ಮೊಳೆತವು. ಶೇಕಡಾ 38. ಅನುತ್ತೀರ್ಣ. ಹೊಸ ಪೊಟ್ಟಣ ತಂದೆ, 300 ಬೀಜ ಎಣಿಸಿ ಬಿತ್ತಿದೆ. ಎಣಿಸಿದ್ದು ನಾನೊಬ್ಬಳೇ ಅಲ್ಲ, ಅಗಲ ಬಾಯಿಯ ಜಾಡಿಯ ಸಲಹೆ ಕೊಟ್ಟ ನಮ್ಮ ಮನೆಯವರನ್ನೂ ಶಿಕ್ಷೆಯಾಗಿ ಕೂರಿಸಿಕೊಂಡೆ.

ಎಂಟನೆಯ ದಿನ ಮೊಳಕೆ ಕಂಡಿತು. ಈರುಳ್ಳಿ ಸಸಿ ನೆಟ್ಟಗೆ ಬರುವುದಿಲ್ಲ ಎಂಬುದನ್ನು ಟ್ರೇಯಲ್ಲಿ ನಾನು ಗಮನಿಸಿಯೇ ಇರಲಿಲ್ಲ. ಮಡಿಸಿದ ಮೊಣಕಾಲಿನಂತೆ ಬಾಗಿಕೊಂಡು ಮಣ್ಣು ಸೀಳುತ್ತದೆ, ಆಮೇಲೆ ತುದಿಯನ್ನು ಎಳೆದುಕೊಳ್ಳುತ್ತದೆ. ಕೆಲವು ತುದಿಗಳಲ್ಲಿ ಕಪ್ಪು ಬೀಜದ ಟೋಪಿ ಇನ್ನೂ ಇದೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುತ್ತಾ ನಿಲ್ಲುತ್ತೇನೆ, ಕಾಫಿ ಆರುತ್ತದೆ.

ಒಟ್ಟು 231 ಎದ್ದಿವೆ. ಇಷ್ಟು ಒತ್ತೊತ್ತಾಗಿ ನೋಡಿದರೆ ಕಿತ್ತು ತೆಳುವು ಮಾಡಬೇಕೆಂದು ಕೈ ತುರಿಸುತ್ತಿದೆ.

ಬೇರುಮೂಲ

ಕೈ ಕಟ್ಟಿಕೊಳ್ಳಿ. ಕೀಳಬೇಕಾದದ್ದು ಕಳೆಯನ್ನು ಮಾತ್ರ. ಈರುಳ್ಳಿ ಎಲೆ ನೆಲ ಮುಚ್ಚುವಷ್ಟು ನೆರಳು ಕೊಡುವುದಿಲ್ಲ, ಹಾಗಾಗಿ ಕಳೆ ಬೇಗ ಗೆಲ್ಲುತ್ತದೆ. ಚಿಕ್ಕದಿರುವಾಗಲೇ ಬೆರಳಿನಿಂದ ಕೀಳಿ, ಕಳೆಗುದ್ದಲಿ ಬೇಡ, ಈರುಳ್ಳಿಯ ಬೇರು ಮೇಲೆಯೇ ಇರುತ್ತದೆ.

ಒತ್ತಾಗಿ ಬೆಳೆಯುವುದಕ್ಕೆ ತೆರಬೇಕಾದ ಬೆಲೆಯೂ ಒಂದಿದೆ. ಗಾಳಿ ಆಡುವುದಿಲ್ಲ. ಸಂಜೆ ಎಲೆಯ ಮೇಲೆ ನೀರು ಹಾಕಬೇಡಿ. ಬೆಳಿಗ್ಗೆ, ಬುಡಕ್ಕೆ. ಎಲೆಯ ಮೇಲೆ ನೇರಳೆ ಮಚ್ಚೆ ಕಂಡರೆ ಆ ಗಿಡವನ್ನು ಯೋಚನೆ ಮಾಡದೆ ತೆಗೆದುಬಿಡಿ. ಬೆಳ್ಳಿಯಂತಹ ಸಣ್ಣ ಗೀರುಗಳು ಕಂಡರೆ ಅದು ಥ್ರಿಪ್ಸ್ ನುಸಿ. ಎಲೆಗಳು ಕೂಡುವ ಸಂದಿಯಲ್ಲಿ ಅಡಗಿರುತ್ತವೆ, ಬಿರುಸಾಗಿ ನೀರು ಚಿಮುಕಿಸಿದರೆ ಬಹಳಷ್ಟು ಉದುರುತ್ತವೆ.

ಅರ್ಧ ಬಾಲ್ಕನಿ

ಬುಡಕ್ಕೆ ಹಾಕಿ ಎನ್ನುತ್ತೀರಿ, ಎಲೆಗೆ ಚಿಮುಕಿಸಿ ಎಂದೂ ಎನ್ನುತ್ತೀರಿ. ಯಾವುದಣ್ಣ?

ಬೇರುಮೂಲ

ಚಿಮುಕಿಸುವುದು ನುಸಿ ಇದ್ದಾಗ, ಬಿಸಿಲೇರುವ ಮುಂಚೆ. ಮಧ್ಯಾಹ್ನದೊಳಗೆ ಎಲೆ ಒಣಗಿರಬೇಕು. ರಾತ್ರಿಯಿಡೀ ಒದ್ದೆಯಾಗಿ ಮಲಗಬಾರದು, ಅಷ್ಟೇ ವಿಷಯ. ನಿನಗೂ ಬೆನ್ನುನೋವು ಬರುತ್ತದೆ, ಅದಕ್ಕೂ ಬರುತ್ತದೆ.

ಜಾಡಿ ಅತ್ತೆ

ಬೆಳೆಯುವ ಮಾತು ನೀವೆಲ್ಲ ಆಡಿಕೊಳ್ಳಿ, ನಾನು ಹಾಕಿಡುವವಳು. ಟೀಚರಮ್ಮ, ನಿಮ್ಮ ಎರಡನೆಯ ವರ್ಷದ ಜಾಡಿ ನೆನೆದ ಕಾಗದವಾಗಿದ್ದು ಬರೀ ಎಳೆಯದಾಗಿದ್ದಕ್ಕಲ್ಲ. ಉಪ್ಪಿನಲ್ಲಿ ನೆನೆಸಿದಿರಾ? ಬುಡ ಕತ್ತರಿಸಿ ಎಸೆದಿರಾ? ವಿನೆಗರನ್ನು ಕುದಿಯುತ್ತಿರುವಾಗಲೇ ಸುರಿದಿರಾ?

ಲೆಕ್ಕದ ಟೀಚರ್

ಇಲ್ಲ. ಹೌದು. ಹೌದು.

ಜಾಡಿ ಅತ್ತೆ

ಮೂರಕ್ಕೆ ಮೂರೂ ತಪ್ಪು. ಈಗ ಕೇಳಿ.

ಕಿತ್ತ ಮೇಲೆ ಎರಡು ವಾರ ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಂದರ ಮೇಲೊಂದು ಬೀಳದಂತೆ ಹರಡಿ. ಹೊರಸಿಪ್ಪೆ ಕಾಗದದಂತೆ ಸದ್ದು ಮಾಡಬೇಕು. ಚಿಕ್ಕ ಈರುಳ್ಳಿಯ ದೊಡ್ಡ ಶಾಪ ಸಿಪ್ಪೆ ಸುಲಿಯುವುದು. ನೂರೈವತ್ತು ಸುಲಿಯುವಷ್ಟರಲ್ಲಿ ಬೆರಳಿನ ಉಗುರೂ ಸುಲಿದಿರುತ್ತದೆ. ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ, ತೆಗೆದು ತಣ್ಣೀರಿಗೆ ಬಿಡಿ. ತುದಿ ಕತ್ತರಿಸಿ ಬುಡದ ಕಡೆಯಿಂದ ಒತ್ತಿದರೆ ಒಳಗಿನದು ಜಾರಿ ಕೈಗೆ ಬರುತ್ತದೆ. ಕಣ್ಣೂ ಉರಿಯುವುದಿಲ್ಲ. ಒಂದೇ ನಿಮಿಷ, ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಳ್ಳಿ. ಮೂರು ನಿಮಿಷ ಬಿಟ್ಟರೆ ಅದು ಅಡುಗೆಯಾಯಿತು.

ಬುಡದಲ್ಲಿ ಬೇರು ಹೊರಡುವ ಗಟ್ಟಿ ಬಿಲ್ಲೆ ಇರುತ್ತದಲ್ಲ, ಬೇರನ್ನಷ್ಟೇ ಸವರಿ ಆ ಬಿಲ್ಲೆಯನ್ನು ಉಳಿಸಿ. ಎಲ್ಲ ಪದರಗಳೂ ಅಂಟಿಕೊಂಡಿರುವುದು ಅದಕ್ಕೆ. ಅದನ್ನು ಕತ್ತರಿಸಿದರೆ ಪುಸ್ತಕದ ಹೊಲಿಗೆ ಬಿಚ್ಚಿದಂತೆ.

ಆಮೇಲೆ ಉಪ್ಪುನೀರು. ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪು, ಒಂದು ರಾತ್ರಿ ಒಂದು ಹಗಲು, ಮೇಲೊಂದು ತಟ್ಟೆಯಿಟ್ಟು ಮುಳುಗಿಸಿ. ಈರುಳ್ಳಿಯೊಳಗಿನ ನೀರನ್ನು ಉಪ್ಪು ಹೊರಗೆಳೆಯುತ್ತದೆ. ಹಾಗೆ ಮಾಡದಿದ್ದರೆ ಆ ನೀರೆಲ್ಲ ಆಮೇಲೆ ವಿನೆಗರಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ, ಈರುಳ್ಳಿಯೂ ಮೆತ್ತಗಾಗುತ್ತದೆ. ಮರುದಿನ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ.

ವಿನೆಗರಿಗೆ ಮೆಣಸು, ಸಾಸಿವೆ, ಒಣಮೆಣಸಿನಕಾಯಿ, ಬೇಕಿದ್ದರೆ ಒಂದು ಚಮಚ ಸಕ್ಕರೆ ಹಾಕಿ ಕುದಿಸಿ. ಆರಲು ಬಿಡಿ. ಪೂರ್ತಿ ತಣ್ಣಗಾದ ಮೇಲೆಯೇ ಸುರಿಯಬೇಕು. ಬಿಸಿ ಸುರಿದರೆ ಮೆತ್ತಗೆ, ತಣ್ಣಗಿನದು ಸುರಿದರೆ ಕರಕರ. ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬೇಡಿ. ಜಾಡಿಯ ಮುಚ್ಚಳ ತಗಡಿನದಾದರೆ ಅದನ್ನೂ ಹುಳಿ ತಿನ್ನುತ್ತದೆ. ಮೂರು ನಾಲ್ಕು ವಾರ ಮುಟ್ಟಬೇಡಿ. ಮೊದಲ ವಾರ ತಿಂದರೆ ಖಾರ ಮೂಗಿಗೆ ಹೊಡೆಯುತ್ತದೆ.

ಗೊಂಚಲು

ನಾನು ಅರ್ಧ ವಿನೆಗರ್, ಅರ್ಧ ನೀರು ಹಾಕುತ್ತೇನೆ, ಹುಳಿ ಹಿತವಾಗಿರುತ್ತದೆ. ಕಪಾಟಿನಲ್ಲೇ ಇಡುತ್ತೇನೆ.

ಜಾಡಿ ಅತ್ತೆ

ಫ್ರಿಜ್ಜಿನಲ್ಲಿಟ್ಟು ಬೇಗ ತಿಂದು ಮುಗಿಸುವುದಾದರೆ ಸರಿ. ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ಹುಳಿಯನ್ನು ಅಳೆಯುವ ಪಿಎಚ್ (ಹುಳಿ ಹೆಚ್ಚಿದಷ್ಟೂ ಈ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ಪ್ರಾಣಾಂತಿಕ ವಿಷಾಹಾರದ ಕಾಯಿಲೆ ತರುವ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲ, ಮೇಲಿದ್ದರೆ ಗಾಳಿಯಾಡದ ಜಾಡಿ ಅದಕ್ಕೆ ಅರಮನೆ. ಅದರ ವಿಷ ಕಣ್ಣಿಗೆ ಕಾಣುವುದಿಲ್ಲ, ವಾಸನೆಯಲ್ಲೂ ಗೊತ್ತಾಗಬೇಕೆಂದಿಲ್ಲ. ಬಾಟಲಿಯ ಮೇಲೆ ಶೇಕಡಾ 5 ಆಮ್ಲೀಯತೆ ಎಂದು ಬರೆದಿರುವ ವಿನೆಗರ್, ನೀರು ಬೆರೆಸದೆ. ಹುಳಿ ಹೆಚ್ಚೆನಿಸಿದರೆ ಸಕ್ಕರೆ ಹೆಚ್ಚಿಸಿ, ನೀರನ್ನಲ್ಲ.

ಗೊಂಚಲು

ನಾಲ್ಕು ವರ್ಷದಿಂದ ಏನೂ ಆಗಿಲ್ಲವಲ್ಲ, ಅತ್ತೆ?

ಲೆಕ್ಕದ ಟೀಚರ್

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾಲ್ಕು ಸಲ ನಾಣ್ಯ ಚಿಮ್ಮಿದಾಗ ನಾಲ್ಕು ಸಲವೂ ತಲೆ ಬಿದ್ದರೆ ಐದನೆಯದಕ್ಕೆ ಅದು ಸಾಕ್ಷಿಯಲ್ಲ. ಜಾಡಿಯನ್ನು ಫ್ರಿಜ್ಜಿಗೆ ಸಾಗಿಸಿ.

ಗೊಂಚಲು

ಸಾಗಿಸಿದೆ, ಟೀಚರ್.

ಲೆಕ್ಕದ ಟೀಚರ್ (ನಾಲ್ಕು ತಿಂಗಳ ನಂತರ)

ಫಲಿತಾಂಶ ಪ್ರಕಟಣೆ.

231ರಲ್ಲಿ 26 ಸಸಿಗಳು ಮೊದಲ ತಿಂಗಳಲ್ಲೇ ಬುಡ ಕೊಳೆತು ಬಿದ್ದವು. ಮೂರು ದಿನ ಮೋಡ ಕವಿದಿತ್ತು, ನಾನು ಅಭ್ಯಾಸ ಬಲದಿಂದ ನೀರು ಹಾಕುತ್ತಲೇ ಇದ್ದೆ. ತಪ್ಪು ನನ್ನದೇ. ನುಸಿ ಬಂತು, ಹಿತ್ತಿಲಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹೊಡೆದೆ, ಹೋಯಿತು, ಮತ್ತೆ ಬಂತು, ಮತ್ತೆ ಹೊಡೆದೆ. ಎಲೆಗಳ ಮೇಲೆ ಗೀರು ಉಳಿದವು, ಗಡ್ಡೆಗೆ ಏನೂ ಆಗಲಿಲ್ಲ.

ತೊಂಬತ್ತನೆಯ ದಿನದವರೆಗೆ ನನಗೆ ನಂಬಿಕೆ ಇರಲಿಲ್ಲ. ಎಲ್ಲವೂ ಹುಲ್ಲಿನಂತೆ ನಿಂತಿದ್ದವು. ಆಮೇಲೆ ಹತ್ತೇ ದಿನದಲ್ಲಿ ಮಣ್ಣು ಬಿರುಕು ಬಿಟ್ಟು ಬಿಳಿ ಹೆಗಲುಗಳು ಮೇಲೆ ಬಂದವು. ಜಾಗ ಸಾಲದೆ ಒಂದನ್ನೊಂದು ತಳ್ಳಿಕೊಂಡು, ಶಾಲೆಯ ಗಂಟೆ ಹೊಡೆದಾಗ ಬಾಗಿಲಿನಲ್ಲಿ ಸಿಕ್ಕಿಕೊಳ್ಳುವ ಮಕ್ಕಳ ಹಾಗೆ. 104ನೆಯ ದಿನ ಮೊದಲ ಗಿಡ ಮಲಗಿತು. ವಾರದೊಳಗೆ ಮುಕ್ಕಾಲು ಪಾಲು ಮಲಗಿದವು, ನೀರು ನಿಲ್ಲಿಸಿದೆ. ಬೇರುಮೂಲ ಅವರೇ, ಒಂದನ್ನೂ ತುಳಿದಿಲ್ಲ.

205 ಗಿಡಗಳಲ್ಲಿ 9 ಮಲಗಲಿಲ್ಲ, ಕುತ್ತಿಗೆ ದಪ್ಪವಾಗಿದ್ದವು, ಅವನ್ನು ಅಂದೇ ಪಲ್ಯ ಮಾಡಿದೆ. ಉಳಿದ 196ನ್ನು ಎರಡು ವಾರ ಒಣಗಿಸಿ ಪರೀಕ್ಷೆಗೆ ಕೂರಿಸಿದೆ. ಪರೀಕ್ಷೆ ಎಂದರೆ ಖಾಲಿ ಜಾಡಿಯ ಬಾಯಿಯ ಮೇಲೆ ಇಟ್ಟು ಬಿಡುವುದು. ಒಳಗೆ ಬಿದ್ದದ್ದು ಉತ್ತೀರ್ಣ. 149 ಬಿದ್ದವು, 47 ಸಿಕ್ಕಿಕೊಂಡವು.

ಈಗ ನನಗೆ ಆಶ್ಚರ್ಯವಾದ ಸಂಗತಿ. ಕೀಳುವಾಗ ಅಂಚಿನವನ್ನು ಒಂದು ಬುಟ್ಟಿಗೆ, ನಡುವಿನವನ್ನು ಇನ್ನೊಂದು ಬುಟ್ಟಿಗೆ ಹಾಕಿದ್ದೆ, ಸುಮ್ಮನೆ, ಎಣಿಸಲು ಸುಲಭವಾಗಲಿ ಎಂದು. ಸಿಕ್ಕಿಕೊಂಡ 47ರಲ್ಲಿ 38 ಅಂಚಿನ ಬುಟ್ಟಿಯವು! ಅಂಚಿನ ಗಿಡಕ್ಕೆ ಒಂದು ಪಕ್ಕದಲ್ಲಿ ನೆರೆಯವರೇ ಇಲ್ಲ, ಆ ಕಡೆಯ ಬೆಳಕೆಲ್ಲ ಅದಕ್ಕೇ. ನಡುವಿನವು ಹೇಳಿದ ಮಾತು ಕೇಳಿದವು.

ಒಂದು ನಿಮಿಷದ ಕುದಿನೀರು, ತಣ್ಣೀರು, ಬುಡದ ಬಿಲ್ಲೆ ಉಳಿಸಿ ಸುಲಿಯುವುದು, ಎಲ್ಲವೂ ಅತ್ತೆಯವರು ಹೇಳಿದಂತೆಯೇ. ಕಣ್ಣು ಉರಿಯಲಿಲ್ಲ ಎಂಬುದು ನನಗೆ ಕುತೂಹಲ ಹುಟ್ಟಿಸಿತು, ಹುಡುಕಿ ಓದಿದೆ. ಈರುಳ್ಳಿಯಲ್ಲಿ ಕಣ್ಣೀರು ತರಿಸುವ ಅನಿಲ ಸಿದ್ಧವಾಗಿ ಇರುವುದಿಲ್ಲ, ಕತ್ತರಿಸಿದಾಗ ಬೇರೆಬೇರೆ ಕೋಣೆಗಳಲ್ಲಿದ್ದ ವಸ್ತುಗಳು ಬೆರೆತು ತಯಾರಾಗುತ್ತದೆ. ಆ ಕೆಲಸ ಮುಗಿಸುವ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು ಗುರುತಿಸಿದ್ದು 2002ರಲ್ಲಿ. ಬಿಸಿಗೆ ಕಿಣ್ವಗಳು ಕೆಡುತ್ತವೆ. ಮನುಷ್ಯರು ಸಾವಿರಾರು ವರ್ಷ ಅತ್ತ ಮೇಲೆ, ನಾನು ಸೇವೆಯಲ್ಲಿದ್ದಾಗ, ಆ ಕಿಣ್ವ ಸಿಕ್ಕಿದೆ. ನನಗೆ ಗೊತ್ತೇ ಇರಲಿಲ್ಲ.

ಒಂದು ಜಾಡಿಗೆ 36 ಹಿಡಿದವು. ನಾಲ್ಕು ಜಾಡಿ ತುಂಬಿ 5 ಉಳಿದವು. ಐದನೆಯ ಜಾಡಿ ಖಾಲಿ. ಅದು ತುಂಬಲು ಇನ್ನೂ 31 ಬೇಕು. ಸಿಕ್ಕಿಕೊಂಡ 47 ಬುಟ್ಟಿಯಿಂದ ನನ್ನನ್ನೇ ನೋಡುತ್ತಿವೆ, ಆದರೆ ಕತ್ತರಿಸಿ ತುರುಕುವುದಿಲ್ಲ, ಇಡಿಯಾಗಿಯೇ ಆಗಬೇಕು.

ಮೂರನೆಯ ವಾರ ಒಂದು ಜಾಡಿಯ ಈರುಳ್ಳಿಗಳ ಮೇಲೆ ಹಳದಿ ಚುಕ್ಕೆಗಳು ಕಂಡಿವೆ. ಬೂಸ್ಟಲ್ಲ, ಭೂತಗನ್ನಡಿಯಲ್ಲಿ ನೋಡಿದೆ. ಎಸೆಯಬೇಕೆ?

ಜಾಡಿ ಅತ್ತೆ

ಎಸೆಯಬೇಡಿ! ಅದು ಈರುಳ್ಳಿಯಲ್ಲೇ ಇರುವ ಕ್ವೆರ್ಸೆಟಿನ್ ಎಂಬ ವಸ್ತು ಹರಳುಗಟ್ಟಿದ್ದು. ತೊಂದರೆ ಇಲ್ಲ. ನೊರೆ ಬಂದರೆ, ಮುಚ್ಚಳ ಉಬ್ಬಿದರೆ, ಲೋಳೆಯಾದರೆ ಮಾತ್ರ ಎಸೆಯಿರಿ. ಕಚ್ಚಿ ನೋಡಿದಿರಾ, ಸದ್ದು ಬಂತೆ?

ಲೆಕ್ಕದ ಟೀಚರ್

ಬಂತು. ಪಕ್ಕದ ಕೋಣೆಯಿಂದ "ಏನದು?" ಎಂದು ಕೇಳುವಷ್ಟು ಬಂತು. ಕೇಳಿದವರಿಗೆ ಎರಡು ಕೊಟ್ಟೆ. ಮೂರನೆಯದಕ್ಕೆ ಜಾಡಿಯೊಳಗೆ ಕೈ ಹಾಕಲು ಹೋಗಿ ಬಾಯಿ ಕಿರಿದು ಎಂದು ಗೊಣಗುತ್ತಿದ್ದಾರೆ.

ಬೇರುಮೂಲ ಅವರೇ, ಮುಂದಿನ ಸಲ ಆ ಅಂಚಿಗೆ ಏನು ಮಾಡಲಿ?

ಬೇರುಮೂಲ

ನಡುವೆ 3 ಸೆಂ.ಮೀ. ಇದ್ದರೆ ಅಂಚಿನ ಎರಡು ಸಾಲಿಗೆ 1.5 ಕೊಡಿ. ಸಿಕ್ಕಿಕೊಂಡ 47ನ್ನು ತಿಂದು ಮುಗಿಸಿ, ನೆಡಬೇಡಿ. ಅಷ್ಟು ದಪ್ಪದವು ಮಣ್ಣಿಗೆ ಮರಳಿದರೆ ಹೂವಿಗೇ ಹೋಗುವುದು ಹೆಚ್ಚು, ನಿಮ್ಮ ಮೊದಲ ವರ್ಷ ವಾಪಸ್ ಬರುತ್ತದೆ.

ಅರ್ಧ ಬಾಲ್ಕನಿ

ಟೀಚರ್, ಆ 47 ನನಗೆ ಕೊಟ್ಟುಬಿಡಿ. ನನ್ನ ಜಾಡಿಯ ಬಾಯಿ ಅಗಲ.